ಹಲಿಗೆ, ಕಡತ, ಬಳಪ

ಮೇ ತಿಂಗಳ ಕೊನೆಯ ವಾರ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಎರಡು ಕೆಲಸಗಳು ಜೊತೆಜೊತೆಗೇ ಶುರುವಾಗುತ್ತವೆ. ರೋಹಿಣಿ ಮಳೆ ಒಂದು ಹದ ಬಿದ್ದರೆ ಮಸಾರಿ ಹೊಲಗಳಲ್ಲಿ ಕುಂಟೆ ಹೊಡೆಯುತ್ತಾರೆ. ಊರೊಳಗಿನ ಸರ್ಕಾರಿ ಶಾಲೆಯಲ್ಲಿ ಬೀಗ ತೆಗೆದು ಕಸಬರಿಗೆ ಹಿಡಿಯುತ್ತಾರೆ. ಬೇಸಿಗೆ ರಜೆಯ ಧೂಳೆಲ್ಲ ಹೊರಬೀಳುತ್ತದೆ, ಕಪ್ಪು ಹಲಗೆಗೆ ಮತ್ತೆ ಕಪ್ಪು ಬಳಿಯುತ್ತಾರೆ, ಹಾಜರಿ ಪುಸ್ತಕಕ್ಕೆ ಹೆಸರು ಏರಿಸುತ್ತಾರೆ, ವೇಳಾಪಟ್ಟಿ ಗೋಡೆ ಹತ್ತುತ್ತದೆ, ಬಾಗಿಲಿಗೆ ಮಾವಿನ ತೋರಣ ಕಟ್ಟಿ ಪ್ರಾರಂಭೋತ್ಸವದ ಸಿಹಿ ಹಂಚುತ್ತಾರೆ. ಈ ಸಿದ್ಧತೆಯ ಬಗ್ಗೆ ನಮ್ಮಲ್ಲಿ ಒಂದು ತಿಳಿವಳಿಕೆ ಬೇರುಬಿಟ್ಟಿದೆ. ಅಚ್ಚುಕಟ್ಟಾದ ತರಗತಿ ಎನ್ನುವುದು ಇಂಗ್ಲಿಷರ ಆಡಳಿತದ ಕಾಲದಲ್ಲಿ ಬೆಂಚು, ಬೋರ್ಡು, ಗಂಟೆಗಳ ಜೊತೆ ಬಂದದ್ದು. ಅದಕ್ಕೆ ಮುಂಚೆ ಇದ್ದದ್ದು ಅಯ್ಯನವರ ಬೆತ್ತ, ಮಕ್ಕಳ ಗದ್ದಲ ಮತ್ತು ಗಿಳಿಪಾಠ ಎಂಬುದು ಆ ತಿಳಿವಳಿಕೆ. ಇದರಲ್ಲಿ ಸುಳ್ಳೇ ಹೆಚ್ಚು ಎಂಬುದು ನನ್ನ ವಾದ. ಈ ಸೀಮೆಯ ಹಳೆಯ ಸಾಲಿಗಳಲ್ಲಿ ವ್ಯವಸ್ಥೆ ಇತ್ತು. ಆದರೆ ಅದು ಕೋಣೆಯ ವ್ಯವಸ್ಥೆಯಲ್ಲ. ಒಬ್ಬ ಮೇಷ್ಟ್ರ ಗಮನವನ್ನು ಬೇರೆಬೇರೆ ಹಂತದ ಮಕ್ಕಳ ನಡುವೆ ಹಂಚುವ ವ್ಯವಸ್ಥೆ. ಅದಕ್ಕೆ ಬರಹದ ಸಾಕ್ಷಿ ಇದೆ, ಅದೂ ಆಗ ಈ ತಾಲ್ಲೂಕುಗಳು ಸೇರಿದ್ದ ಬಳ್ಳಾರಿ ಜಿಲ್ಲೆಯಿಂದಲೇ ಹೋದದ್ದು.

1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ದತ್ತ ಮಂಡಲದಲ್ಲಿ ಈ ತಾಲ್ಲೂಕುಗಳೆಲ್ಲ ಸೇರಿದ್ದವು. ಆ ಸೀಮೆಗೆ ಮೊದಲ ಪ್ರಧಾನ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಅವನೇ ಮುಂದೆ ಮದ್ರಾಸಿನ ಗವರ್ನರನಾಗಿ 1822ರ ಜೂನ್ 25ರಂದು ಒಂದು ಟಿಪ್ಪಣಿ ಬರೆದು, ಪ್ರಾಂತ್ಯದ ಪ್ರತಿ ಜಿಲ್ಲೆಯಲ್ಲೂ ಓದು ಬರಹ ಕಲಿಸುವ ಶಾಲೆಗಳೆಷ್ಟು, ಅಲ್ಲಿ ಯಾವ ಜಾತಿಯ ಎಷ್ಟು ಮಕ್ಕಳಿದ್ದಾರೆ, ಏನು ಓದುತ್ತಾರೆ ಎಂದು ಕಲೆಕ್ಟರುಗಳನ್ನು ಕೇಳಿದ. ಹಲವರು ಪಟ್ಟಿ ತುಂಬಿಸಿ ಕಳಿಸಿ ಸುಮ್ಮನಾದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಹಾಗೆ ಮಾಡಲಿಲ್ಲ. 1823ರ ಆಗಸ್ಟ್ 17ರ ಅವನ ವರದಿ ಮಗು ಶಾಲೆಗೆ ಸೇರುವ ದಿನದಿಂದ ಹಿಡಿದು ಮಣೆಗೆ ಮಸಿ ಬಳಿಯುವ ಬಗೆಯವರೆಗೆ ಎಲ್ಲವನ್ನೂ ಹೇಳುತ್ತದೆ. ಧರ್ಮಪಾಲ್ ಅವರು 1983ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಇದು ಪೂರ್ತಿಯಾಗಿ ಅಚ್ಚಾಗಿದೆ. ಜಿಲ್ಲೆಯಲ್ಲಿ ಆಗ 533 ಶಾಲೆಗಳು: ಕನ್ನಡದವು 235, ತೆಲುಗಿನವು 226, ಮರಾಠಿ 23, ಸಂಸ್ಕೃತ 23, ಪಾರಸಿ 21, ತಮಿಳು 4, ಇಂಗ್ಲಿಷ್ 1. ತೆಲುಗಿನ ಲೆಕ್ಕ ಇಷ್ಟು ದೊಡ್ಡದಾಗಿರುವುದಕ್ಕೆ ಕಾರಣ, ಅನಂತಪುರ ಆಗಿನ್ನೂ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಅದು ಬೇರೆಯಾದದ್ದು 1882ರಲ್ಲಿ. ಒಟ್ಟು ವಿದ್ಯಾರ್ಥಿಗಳು 6,641. ಜನಸಂಖ್ಯೆ 9,27,857. ಸಾವಿರಕ್ಕೆ ಸುಮಾರು ಏಳು ಮಂದಿ ಮಾತ್ರ ಶಾಲೆಯಲ್ಲಿದ್ದರು. ಈ ಕೊನೆಯ ಲೆಕ್ಕವನ್ನು ಮರೆಯದೆ ಮುಂದಿನದನ್ನು ಓದಬೇಕು. ಹಳೆಯದನ್ನು ಹೊಗಳುವ ಭರದಲ್ಲಿ ಅದನ್ನು ಬದಿಗೆ ಸರಿಸುವುದು ನ್ಯಾಯವಲ್ಲ.

ಮಗುವಿಗೆ ಐದು ತುಂಬಿದಾಗ ಮೇಷ್ಟ್ರನ್ನೂ ಶಾಲೆಯ ಮಕ್ಕಳನ್ನೂ ಮನೆಗೆ ಕರೆಯುತ್ತಿದ್ದರು. ಎಲ್ಲರೂ ಗಣಪತಿಯ ಸುತ್ತ ಕೂತು, ಮಗುವನ್ನು ಎದುರಿಗೆ ಕೂರಿಸಿ, ಅಕ್ಕಿಯ ಮೇಲೆ ಅದರ ಬೆರಳು ಹಿಡಿದು ಬರೆಸುತ್ತಿದ್ದರು. ಮರುದಿನ ಬೆಳಿಗ್ಗೆಯೇ ಪಾಠ ಶುರು. ಶಾಲೆ ಕೂಡುವ ಹೊತ್ತು ಬೆಳಗಿನ ಆರು ಗಂಟೆ; ಬಿಸಿಲು ಏರುವ ಮೊದಲು ಓದು ಮುಗಿಯಬೇಕಾದ ಈ ನಾಡಿಗೆ ಒಪ್ಪುವ ಹೊತ್ತು. ಮೊದಲು ಬಂದ ಮಗುವಿನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ ಎಂಬ ಗುರುತು. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಒಂದೊಂದು ಹೆಚ್ಚು. ಎಲ್ಲರೂ ಕೂಡಿದ ಮೇಲೆ ಮಕ್ಕಳು ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ಕೂರುತ್ತಿದ್ದರು. ಕೆಳಗಿನ ವರ್ಗಗಳನ್ನು ಹಿರಿಯ ಹುಡುಗರು ಸ್ವಲ್ಪಮಟ್ಟಿಗೆ ನೋಡಿಕೊಳ್ಳುವುದು, ಮೇಲಿನವುಗಳನ್ನು ಮೇಷ್ಟ್ರು ತಾನೇ ಕಲಿಸುವುದು, ಕಲಿಸುತ್ತಲೇ ಇಡೀ ಶಾಲೆಯ ಮೇಲೆ ಕಣ್ಣಿಟ್ಟಿರುವುದು. ಒಂದು ವರ್ಗದಿಂದ ಇನ್ನೊಂದಕ್ಕೆ ಏರುವುದು ವಯಸ್ಸಿನಿಂದಲ್ಲ, ಕಲಿತದ್ದರಿಂದ. ದಿನಕ್ಕೆ ಎರಡು ಸಲ ಮಕ್ಕಳೆಲ್ಲ ಸಾಲಾಗಿ ನಿಂತು, ಒಬ್ಬ ಹಿರಿಯ ಹುಡುಗ ಹೇಳಿಕೊಟ್ಟಂತೆ ಮಗ್ಗಿ, ಅಳತೆ, ತೂಕ, ಭಿನ್ನರಾಶಿಗಳನ್ನು ಒಪ್ಪಿಸಬೇಕಿತ್ತು. ಭಿನ್ನರಾಶಿ ಇಳಿಯುತ್ತಿದ್ದದ್ದು ಹತ್ತರ ಲೆಕ್ಕದಲ್ಲಲ್ಲ, ನಾಲ್ಕರ ಲೆಕ್ಕದಲ್ಲಿ: ಕಾಲಿನ ಕಾಲು ವೀಸ, ವೀಸದ ಕಾಲು ಕಾಣಿ. ಸಂತೆ, ಕಾಳು, ಹತ್ತಿ, ಬಡ್ಡಿಗಳ ನಾಡಿನ ಮಗುವಿಗೆ ಇದು ಗಿಳಿಪಾಠವಲ್ಲ, ನಾಳೆ ಅಂಗಡಿಯಲ್ಲೋ ಕಣದಲ್ಲೋ ಬಾಯಿಗೆ ಬರಲೇಬೇಕಾದ ಲೆಕ್ಕ.

ಇನ್ನು ಸಾಮಗ್ರಿ. ಅಕ್ಷರವನ್ನು ಮೊದಲು ಬಾಯಲ್ಲಿ ಹೇಳಿಸದೆ ಮರಳಿನ ಮೇಲೆ ಬೆರಳಿನಿಂದ ಬರೆಸುತ್ತಿದ್ದರು. ಅಕ್ಷರ ಕಿವಿಗಿಂತ ಮೊದಲು ಕೈಗೆ ಬರುತ್ತಿತ್ತು. ಕೈ ಕುದುರಿದ ಮೇಲೆ ಓಲೆಗರಿ ಮತ್ತು ಕಂಟ, ಅಥವಾ ಕಾಗದ ಮತ್ತು ಲೇಖಣಿ. ಆದರೆ ಈ ಜಿಲ್ಲೆಯಲ್ಲಿ ಹೆಚ್ಚು ಬಳಕೆಯಲ್ಲಿದ್ದವು ಹಲಿಗೆ ಮತ್ತು ಕಡತ ಎಂದು ಕ್ಯಾಂಪ್‌ಬೆಲ್ ಹೆಸರು ಹಿಡಿದೇ ಹೇಳುತ್ತಾನೆ. ಹಲಿಗೆ ಎಂದರೆ ಒಂದು ಅಡಿ ಅಗಲ, ಮೂರು ಅಡಿ ಉದ್ದದ ಮರದ ಮಣೆ. ಹತ್ತರಿ ಹೊಡೆದು ನುಣುಪು ಮಾಡಿ, ಅಕ್ಕಿ ಮತ್ತು ಇದ್ದಿಲ ಪುಡಿ ಬಳಿದರೆ ಬರೆಯಲು ಸಿದ್ಧ. ಕಡತ ಎಂದರೆ ಗಂಜಿ ಹಾಕಿ ಗಡುಸು ಮಾಡಿದ ಬಟ್ಟೆ. ಪುಸ್ತಕದಂತೆ ಮಡಿಕೆ ಮಡಿಕೆಯಾಗಿ ಮಡಚಿ, ಇದ್ದಿಲು ಮತ್ತು ಅಂಟುಗಳ ಮಸಿ ಬಳಿದದ್ದು. ಎರಡರ ಮೇಲೂ ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು. ಬರೆಯುವ ಕಡ್ಡಿ ಬಳಪ. ಇಂದು ಕಡತ ಎಂದರೆ ತಾಲ್ಲೂಕು ಕಚೇರಿಯ ಫೈಲು. ಆ ಮಾತು ಒಂದು ಕಾಲಕ್ಕೆ ಮಗುವಿನ ಮಡಿಲಲ್ಲಿತ್ತು ಎಂಬುದು ಈ ವರದಿ ಓದದೆ ನೆನಪಾಗುವುದಿಲ್ಲ. ಬಳಪದ ಕಲ್ಲಂತೂ ಈ ಸೀಮೆಯ ಸ್ವಂತದ್ದು. ಹಡಗಲಿ ಸೀಮೆಯ ಕುರುವತ್ತಿಯ ಮಲ್ಲಿಕಾರ್ಜುನ, ಹರಪನಹಳ್ಳಿ ಸೀಮೆಯ ಬಾಗಳಿಯ ಕಲ್ಲೇಶ್ವರ, ಈ ಚಾಲುಕ್ಯರ ಕಾಲದ ಗುಡಿಗಳ ನವಿರಾದ ಕೆತ್ತನೆಗೆ ಒದಗಿದ್ದು ಅದೇ ಮೆದು ಜಾತಿಯ ಕಲ್ಲು. ಹಲಿಗೆಗೆ ಕಪ್ಪು ಬಳಿಯುವ ಕೆಲಸವೂ ಪೂರ್ತಿ ಹೋಗಿಲ್ಲ. ಹಳೆಯ ಬ್ಯಾಟರಿ ಸೆಲ್ಲಿನ ಕರಿ ಪುಡಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಕಪ್ಪು ಹಲಗೆಗೆ ತಿಕ್ಕುವುದನ್ನು ಹಳ್ಳಿಯ ಶಾಲೆಗಳು ಮೊನ್ನೆ ಮೊನ್ನೆಯವರೆಗೂ ಮಾಡುತ್ತಿದ್ದವು.

ಈ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಆ ಶಾಲೆಗೆ ಶೈಕ್ಷಣಿಕ ವರ್ಷವೆಂಬುದೇ ಇರಲಿಲ್ಲ. ಪ್ರತಿ ಮಗುವಿಗೂ ಅದರದೇ ಆರಂಭದ ದಿನ. ಹಾಗಾಗಿ ಯಾವ ದಿನ ನೋಡಿದರೂ ಅಲ್ಲಿ ನಿನ್ನೆ ಸೇರಿದ ಮಗುವೂ ಐದು ವರ್ಷ ಕಲಿತ ಹುಡುಗನೂ ಒಂದೇ ಕಟ್ಟೆಯ ಮೇಲೆ, ಒಂದೇ ಪಡಸಾಲೆಯಲ್ಲಿ, ಒಬ್ಬನೇ ಮೇಷ್ಟ್ರ ಎದುರು ಇರಲೇಬೇಕು. ಅವರೆಲ್ಲರಿಗೂ ಒಂದೇ ಪಾಠ ಹೇಳುವುದು ಆಗದ ಮಾತು. ನಾಲ್ಕು ವರ್ಗ, ಹಿರಿಯ ಹುಡುಗರ ಉಸ್ತುವಾರಿ, ಒರೆಸಿ ಬರೆಯುವ ಹಲಿಗೆ, ಮರಳು, ಎರಡು ಹೊತ್ತಿನ ಒಪ್ಪಿಸುವಿಕೆ, ಇವೆಲ್ಲ ಆ ಒಂದೇ ಕಷ್ಟಕ್ಕೆ ಕಂಡುಕೊಂಡ ಉಪಾಯಗಳು. ಮರಳಿನ ಮಗು ಮೇಷ್ಟ್ರನ್ನು ಕಾಯದೆ ತಾನೇ ತಿದ್ದುತ್ತಿರುತ್ತದೆ, ಹಲಿಗೆಯ ಮಗುವನ್ನು ಹಿರಿಯ ಹುಡುಗ ನೋಡುತ್ತಾನೆ, ಮೇಷ್ಟ್ರು ಅಷ್ಟು ಹೊತ್ತು ಕಾವ್ಯ ಓದುವವರ ಬಳಿ ಕೂರುತ್ತಾರೆ. ವ್ಯವಸ್ಥೆ ಎಂದರೆ ಇದೇ. ಎಲ್ಲ ಮಕ್ಕಳೂ ಒಂದೇ ದಿನ ಒಂದೇ ಪಾಠ ಶುರುಮಾಡಿ ವರ್ಷದ ಕೊನೆಗೆ ಒಂದೇ ಪರೀಕ್ಷೆ ಕೊಡುವ ಏರ್ಪಾಡು ಬಂದದ್ದು ಆಮೇಲೆ. 1854ರ ವುಡ್ಸ್ ವರದಿಯ ನಂತರ ಶಿಕ್ಷಣ ಇಲಾಖೆಗಳು ಹುಟ್ಟಿದವು, ಇನ್‌ಸ್ಪೆಕ್ಟರುಗಳು ಬಂದರು. ಮದ್ರಾಸ್ ಪ್ರಾಂತ್ಯದಲ್ಲಿ ಎಷ್ಟು ಮಕ್ಕಳು ಯಾವ ತರಗತಿಯಲ್ಲಿ ಪಾಸಾದರು ಎಂದು ಎಣಿಸಿ ಶಾಲೆಗೆ ಅನುದಾನ ಕೊಡುವ ಪದ್ಧತಿ ಬಂತು. ಇನ್‌ಸ್ಪೆಕ್ಟರು ಬರುವ ದಿನಕ್ಕೆ ಮಕ್ಕಳು ದರ್ಜೆವಾರು ಸಾಲಾಗಿ ಕೂತಿರಬೇಕು, ರಿಜಿಸ್ಟರು ತುಂಬಿರಬೇಕು. ತರಗತಿ ಎನ್ನುವುದು ಕಲಿತದ್ದರ ಮೆಟ್ಟಿಲಾಗಿದ್ದದ್ದು ವಯಸ್ಸಿನ ಸಾಲಾಯಿತು. ತರಗತಿಯ ಸಿದ್ಧತೆ ಎಂದರೆ ತಪಾಸಣೆಯ ಸಿದ್ಧತೆಯಾಯಿತು.

ಈ ವಾದಕ್ಕೆ ಆಕ್ಷೇಪಗಳಿವೆ, ಹಗುರವಾದವೇನಲ್ಲ. ಮೊದಲನೆಯದು ಸಾಕ್ಷಿಯದು. ಒಬ್ಬ ಇಂಗ್ಲಿಷ್ ಅಧಿಕಾರಿ ಮದ್ರಾಸಿಗೆ ಬರೆದ ವರದಿಯನ್ನು ನಂಬಿ ಕನ್ನಡ ಶಾಲೆಯ ಒಳಾಂಗಣದ ಬಗ್ಗೆ ಮಾತಾಡಬಹುದೇ? ಕ್ಯಾಂಪ್‌ಬೆಲ್ ತೆಲುಗಿನ ಪಂಡಿತ. 1816ರಲ್ಲಿ ತೆಲುಗು ವ್ಯಾಕರಣ ಅಚ್ಚು ಹಾಕಿಸಿದವನು. ಅವನು ಕಂಡದ್ದು ತೆಲುಗು ಶಾಲೆಗಳನ್ನೇ ಇರಬಹುದಲ್ಲ? ಇಲ್ಲಿ ಅವನ ಮಾತೇ ಉತ್ತರ ಹೇಳುತ್ತದೆ. ಮಣೆಯ ಹೆಸರನ್ನು ಅವನು ತೆಲುಗಿನವರಂತೆ ಪಲಕ ಎಂದು ಬರೆಯಲಿಲ್ಲ, ಪಕಾರ ಹಕಾರವಾದ ಕನ್ನಡದ ಹಲಿಗೆ ಎಂದು ಬರೆದ. ಓದುವ ಪುಸ್ತಕಗಳ ಪಟ್ಟಿಯಲ್ಲೂ ರಾಮಾಯಣ, ಮಹಾಭಾರತ, ಪಂಚತಂತ್ರಗಳ ಜೊತೆಗೆ ಲಿಂಗಾಯತ ಮಕ್ಕಳು ಓದುವ ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳಿವೆ, ವ್ಯಾಕರಣಕ್ಕೆ ಶಬ್ದಮಣಿದರ್ಪಣವಿದೆ. ಇದು ಆಗಿನ ಬಳ್ಳಾರಿಯ ಪಶ್ಚಿಮ ತಾಲ್ಲೂಕುಗಳ ಓದು. ಕೊಟ್ಟೂರೇಶ್ವರನ ತೇರು ಎಳೆಯುವ, ಹತ್ತಿರದಲ್ಲೇ ಉಜ್ಜಿನಿಯ ಪೀಠವಿರುವ ಈ ಸೀಮೆಯ ಮಠ ಮಾಳಿಗೆಗಳಿಗೆ ಹೊರತಾದ ಪಟ್ಟಿಯಲ್ಲ. ಅಲ್ಲದೆ ಅವನು ಹೊಗಳಲೆಂದೇ ಕೂತವನಲ್ಲ. ಕಾವ್ಯದ ಭಾಷೆ ಆಡುಮಾತಿಗೆ ದೂರ, ಮಕ್ಕಳು ಅರ್ಥ ತಿಳಿಯದೆ ಪದ್ಯ ಒಪ್ಪಿಸುತ್ತಾರೆ, ಪ್ರತಿ ಮಾಡುವಾಗ ನುಸುಳಿದ ತಪ್ಪುಗಳು ಹಾಗೇ ಉಳಿಯುತ್ತವೆ ಎಂದು ಕಟುವಾಗಿ ಬರೆದವನೂ ಅವನೇ. ದೋಷ ಕಂಡಲ್ಲಿ ಹೇಳುವವನು ಬರಹ ಕಲಿಸುವ ಮಿತವ್ಯಯವನ್ನೂ ಮುಂದಿರುವ ಮಕ್ಕಳಿಂದ ಹಿಂದಿರುವವರಿಗೆ ಕಲಿಸುವ ಕ್ರಮವನ್ನೂ ಮೆಚ್ಚಿದರೆ ಆ ಮೆಚ್ಚುಗೆಗೆ ತೂಕವಿದೆ.

ಎರಡನೆಯ ಆಕ್ಷೇಪ ಹೆಚ್ಚು ನೋವಿನದು. ಅದು ಏಟಿನ ಶಾಲೆ, ಮತ್ತು ಕೆಲವರ ಶಾಲೆ. ಸೋಮಾರಿ ಹುಡುಗನಿಗೆ ಛಡಿ ಏಟು, ಎರಡೂ ಕೈ ಕಟ್ಟಿ ಮಾಡಿನ ತೊಲೆಗೆ ತೂಗುಹಾಕುವುದು, ಬಿಡದೆ ಬಸ್ಕಿ ಹೊಡೆಸುವುದು, ಇವೂ ಅದೇ ವರದಿಯಲ್ಲಿವೆ. ಇದನ್ನು ಸಮರ್ಥಿಸಲು ನನ್ನಲ್ಲಿ ಮಾತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿನ ಮೇಲೆ ಕೈಮಾಡುವುದನ್ನು ನಿಷೇಧಿಸಿದ್ದು ಸರಿಯಾಗಿಯೇ ಇದೆ. ಆದರೆ ಏಟು ಆ ವ್ಯವಸ್ಥೆಯ ಬೆನ್ನೆಲುಬು ಎಂದು ಹೇಳಲು ಬರುವುದಿಲ್ಲ. ಬೆಂಚು, ಬೋರ್ಡುಗಳ ಶಾಲೆ ಬಂದಾಗ ಬೆತ್ತವೂ ಅದರ ಜೊತೆಗೇ ಒಳಗೆ ಬಂತು, ನೂರು ವರ್ಷ ಮೇಲೆಯೇ ಉಳಿಯಿತು. ಉಳಿಯದೆ ಹೋದದ್ದು ನಾಲ್ಕು ವರ್ಗಗಳ ಏರ್ಪಾಡು. ಹೀಗೆ ಕೆಟ್ಟದ್ದು ಉಳಿದು ಒಳ್ಳೆಯದು ಹೋಗಿರುವಾಗ ಎರಡೂ ಒಂದೇ ಎನ್ನುವುದು ಹೇಗೆ? ಇನ್ನು ಯಾರು ಓದುತ್ತಿದ್ದರು ಎಂಬುದು. ಹಿಂದೂ ಗಂಡುಮಕ್ಕಳ ಲೆಕ್ಕದಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರೆಂದು ನಮೂದಾದವರು 2,998, ಉಳಿದ ಜಾತಿಗಳವರು 1,174. ಮುಸಲ್ಮಾನ ಮಕ್ಕಳು 243. ಆ ಶಾಲೆ ಒಂದು ಜಾತಿಯ ಸ್ವತ್ತಾಗಿತ್ತೆಂಬ ಮಾತು ಈ ಅಂಕಿಗಳ ಮುಂದೆ ನಿಲ್ಲದು. ಆದರೆ ಹೆಣ್ಣುಮಕ್ಕಳು ಜಿಲ್ಲೆಗೆಲ್ಲ ಸೇರಿ 60. ಊರ ಹೊರಗಿನ ಕೇರಿಗಳಿಗೆ ಆ ಪಟ್ಟಿಯಲ್ಲಿ ಒಂದು ಕಲಮೂ ಇಲ್ಲ. ಇಂದು ಜೂನ್ ಮೊದಲ ವಾರ ದಾಖಲಾತಿ ಆಂದೋಲನದವರು ಮನೆಮನೆಗೆ ಹೋಗಿ, ಈ ಮನೆಯಲ್ಲಿ ಶಾಲೆಗೆ ಬರದ ಮಗು ಇದೆಯೇ ಎಂದು ಕೇಳುವುದಿದೆಯಲ್ಲ, ಆ ಪ್ರಶ್ನೆ ಹಳೆಯ ಸಾಲಿಗೆ ಹೊಳೆದೇ ಇರಲಿಲ್ಲ. ಎಲ್ಲರೂ ಬರಬೇಕು ಎಂಬುದು ಹೊಸ ಕಾಲದ ಗಳಿಕೆ. ಬಂದವರ ನಡುವೆ ಹೇಗೆ ಕೂರಬೇಕು ಎಂಬುದು ಮಾತ್ರ ಹಳೆಯ ಕಾಲಕ್ಕೆ ಚೆನ್ನಾಗಿ ಗೊತ್ತಿತ್ತು.

ಮೂರನೆಯ ಆಕ್ಷೇಪವನ್ನು ಮೇಷ್ಟ್ರುಗಳೇ ಎತ್ತುತ್ತಾರೆ: ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳಿದ್ದ ಕಾಲದ ಉಪಾಯ ನಮಗೇಕೆ? ಇದಕ್ಕೆ ಇತಿಹಾಸವೇ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. 1789ರಲ್ಲಿ ಮದ್ರಾಸಿನ ಎಗ್ಮೋರಿನ ಗಂಡುಮಕ್ಕಳ ಅನಾಥಾಲಯಕ್ಕೆ ಮೇಲ್ವಿಚಾರಕನಾಗಿ ಬಂದ ಆಂಡ್ರ್ಯೂ ಬೆಲ್, ದೇಶೀ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ನೋಡಿ ಅದನ್ನು ತನ್ನಲ್ಲಿ ತಂದ, ಹಿರಿಯ ಹುಡುಗರಿಂದ ಕಿರಿಯರಿಗೆ ಕಲಿಸತೊಡಗಿದ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ತಂದ. ಇಂಗ್ಲೆಂಡಿನಲ್ಲಿ ಅದು ಮದ್ರಾಸ್ ಪದ್ಧತಿ ಎಂದೇ ಹೆಸರಾಯಿತು. ಅಲ್ಲಿ ಒಬ್ಬ ಮೇಷ್ಟ್ರಿಗೆ ನೂರಾರು ಮಕ್ಕಳನ್ನು ಕಟ್ಟಿದರು. ಪದ್ಧತಿ ಕವಾಯತಾಯಿತು, ಮಾನಿಟರನು ಸಣ್ಣ ಜಮಾದಾರನಾದ. ಇಡೀ ಶಾಲೆಯ ಮೇಲೆ ಒಂದು ಕಣ್ಣು ಇರಬೇಕು ಎಂಬ ಮಾತು ಬಳ್ಳಾರಿಯಲ್ಲಿ ನಿಜವಾಗಿದ್ದದ್ದು ಅಲ್ಲಿ ಬರೀ ಮಾತಾಯಿತು. ಹಾಗಾದರೆ ಸಂಖ್ಯೆ ಮುಖ್ಯ ಎಂಬ ಮೇಷ್ಟ್ರ ಮಾತು ಸರಿಯೇ. ಆದರೆ ಇಂದಿನ ಸಂಖ್ಯೆ ಯಾವುದು? ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ ಅರವತ್ತು ಮಕ್ಕಳಿರುವ ಶಾಲೆಗೆ ಇಬ್ಬರು ಶಿಕ್ಷಕರು. ಐದು ತರಗತಿ, ಇಬ್ಬರು ಮೇಷ್ಟ್ರು. ಕೂಡ್ಲಿಗಿ, ಹಡಗಲಿ ಕಡೆಯ ಸಣ್ಣ ಹಳ್ಳಿಯ, ತಾಂಡಾದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದೇ ಕೋಣೆಯೊಳಗೆ ಎರಡು ಮೂರು ತರಗತಿ ಇರುವುದು ಅಪವಾದವಲ್ಲ, ಕಾನೂನೇ ಊಹಿಸಿಕೊಂಡ ಸ್ಥಿತಿ. ಕ್ಯಾಂಪ್‌ಬೆಲ್ ಕಂಡ ಕಟ್ಟೆಯಿಂದ ಇದು ಬಹಳ ದೂರದಲ್ಲಿಲ್ಲ.

ಹಳೆಯ ಸಾಲಿ ಏಕೆ ನಿಂತುಹೋಯಿತು ಎಂದು ಕೇಳಿದರೆ ಅದಕ್ಕೂ ಕ್ಯಾಂಪ್‌ಬೆಲ್ ಉತ್ತರ ಬರೆದಿಟ್ಟಿದ್ದಾನೆ. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿಯ ನೇಯ್ಗೆ ಕುಸಿದಿತ್ತು, ನಾಡು ಬಡವಾಗಿತ್ತು, ಕೂಲಿಗೆ ಕೈ ಬರುತ್ತಲೇ ಮಗುವನ್ನು ಶಾಲೆ ಬಿಡಿಸುತ್ತಿದ್ದರು. ಹಿಂದಿನ ಅರಸರ ಕಾಲದ ದತ್ತಿಗಳು ಇಲ್ಲವಾಗಿದ್ದವು. 533ರಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ ಎಂದು ಹೇಳಲು ತನಗೆ ನಾಚಿಕೆಯಾಗುತ್ತದೆ ಎಂದು ತನ್ನ ಸರ್ಕಾರಕ್ಕೇ ಬರೆದ. ಮನ್ರೋ 1826ರಲ್ಲಿ ಪ್ರತಿ ತಹಶೀಲಿಗೆ ಒಂದು ಶಾಲೆ, ಅದರ ಮೇಷ್ಟ್ರಿಗೆ ತಿಂಗಳಿಗೆ 9 ರೂಪಾಯಿ ಸಂಬಳ ಎಂದು ಯೋಜನೆ ಹಾಕಿದ. ಮರುವರ್ಷ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. 1836ರಲ್ಲಿ ಆ ಶಾಲೆಗಳನ್ನೂ ಮುಚ್ಚಿದರು. ಆಮೇಲೆ ಬಂದ ಪ್ರತಿ ಯೋಜನೆಯೂ ಶಾಲೆಯನ್ನು ವಸ್ತುಗಳಿಂದ ಅಳೆಯಿತು. 1953ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಅಳತೆಗೋಲು ಬದಲಾಗಲಿಲ್ಲ. 1987ರಲ್ಲಿ ಶುರುವಾದ ಕೇಂದ್ರದ ಯೋಜನೆಗೆ ಹೆಸರೇ ಕಪ್ಪು ಹಲಗೆಯದು: ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಹಲಗೆ, ನಕ್ಷೆ, ಆಟದ ಸಾಮಾನು. ಅವೆಲ್ಲ ಬೇಕು. ಸೋರುವ ಕೋಣೆಯಲ್ಲಿ ಯಾವ ವ್ಯವಸ್ಥೆಯೂ ನಿಲ್ಲುವುದಿಲ್ಲ. ಆದರೆ ಕೋಣೆ ಕಟ್ಟಿದ ಮೇಲೆ ಅದರೊಳಗೆ ಮೇಷ್ಟ್ರ ಒಂದು ಗಂಟೆ ಮೂವತ್ತು ಮಕ್ಕಳಿಗೆ ಹೇಗೆ ಹಂಚಿಕೆಯಾಗಬೇಕು ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ.

ಅದನ್ನು ಮತ್ತೆ ಕೇಳಿದವರು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು. 1995ರಲ್ಲಿ ಅವರು ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿಯ ಸಣ್ಣ ಹಳ್ಳಿಶಾಲೆಗಳಲ್ಲಿ ನಾನಾ ವಯಸ್ಸಿನ ಮಕ್ಕಳು ಒಟ್ಟಿಗೆ ಕಲಿಯುವುದನ್ನು ನೋಡಿ ಬಂದು ರೂಪಿಸಿದ್ದೇ ನಲಿಕಲಿ. ಮದನಪಲ್ಲಿ ಮನ್ರೋ ಆಳಿದ ದತ್ತ ಮಂಡಲದ್ದೇ ಊರು. ಹಳೆಯ ಸಾಲಿಯಿಂದ ಹೊಸದಕ್ಕೆ ನೇರ ವಂಶವಿದೆ ಎಂದು ನಾನು ಹೇಳುತ್ತಿಲ್ಲ, ಕಷ್ಟ ಒಂದೇ ಆದ್ದರಿಂದ ಉಪಾಯವೂ ಹೋಲುತ್ತದೆ ಎನ್ನುತ್ತಿದ್ದೇನೆ. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಲ್ಲಿ ಅದು ಜಾರಿಗೆ ಬಂತು. ಕೊಟ್ಟೂರು ಸೀಮೆಯ ಶಾಲೆಯಲ್ಲೂ ಜೂನ್ ಬಂದರೆ ನಲಿಕಲಿ ಕೋಣೆಗೆ ಬೇರೆಯದೇ ಸಿದ್ಧತೆ. ಗೋಡೆಗೆ ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಕಲಿಕಾ ಏಣಿ, ಪ್ರತಿ ಮೆಟ್ಟಿಲಿಗೂ ಚಟುವಟಿಕೆಯ ಕಾರ್ಡುಗಳು, ಮೇಲೆ ಮಕ್ಕಳ ಬರಹ ಚಿತ್ರಗಳನ್ನು ತೂಗುಹಾಕುವ ಚಪ್ಪರ, ನೆಲದ ಮೇಲೆ ಐದು ಗುಂಪುಗಳ ಐದು ತಟ್ಟೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದಕ್ಕೆ ಭಾಗಶಃ. ಮತ್ತೆರಡಕ್ಕೆ ಸಹಪಾಠಿಗಳ ಸಹಾಯ, ಅಲ್ಲೂ ಹಾಗೇ ಪೂರ್ಣ ಮತ್ತು ಭಾಗಶಃ. ಐದನೆಯದು ತಾನೇ ಕಲಿಯುವ ಗುಂಪು. ರಜೆ ಹಾಕಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಸುಗ್ಗಿಗೆ ತಂದೆತಾಯಿಯ ಜೊತೆ ಗುಳೆ ಹೋಗಿಬರುವ ಮಕ್ಕಳಿರುವ ಈ ತಾಲ್ಲೂಕುಗಳಲ್ಲಿ ಅದು ಸಣ್ಣ ಮಾತಲ್ಲ. ಕಾರ್ಡು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ, ದಾಖಲೆ ತುಂಬುವ ಕೆಲಸ ಹೆಚ್ಚು ಎಂದು ಶಿಕ್ಷಕರು ಹೇಳುವುದೂ ಉಂಟು, ಮತ್ತು ಕಾರ್ಡು ಹರಿದು, ತಟ್ಟೆ ಮೂಲೆ ಸೇರಿದ ಕೋಣೆಯಲ್ಲಿ ಹೆಸರಷ್ಟೇ ಉಳಿಯುತ್ತದೆ. ಆದ್ದರಿಂದಲೇ ಮೇ ಕೊನೆಯ ಆ ಎರಡು ಮೂರು ದಿನಗಳು ನನಗೆ ದೊಡ್ಡವಾಗಿ ಕಾಣುತ್ತವೆ. ತೋರಣ ಕಟ್ಟುವ ಮುಂಚೆ ಕಾರ್ಡುಗಳನ್ನು ಎಣಿಸಿ ಮೆಟ್ಟಿಲಿನ ಕ್ರಮದಲ್ಲಿ ಜೋಡಿಸಬೇಕು, ಕಳೆದ ವರ್ಷ ಯಾವ ಮಗು ಎಲ್ಲಿ ನಿಂತಿತ್ತು ಎಂದು ಪ್ರಗತಿ ನೋಟ ನೋಡಿ ಹೆಸರು ಬರೆದುಕೊಳ್ಳಬೇಕು, ಮೊದಲ ದಿನ ಯಾರನ್ನು ಯಾರ ಪಕ್ಕ ಕೂರಿಸುವುದೆಂದು ಯೋಚಿಸಬೇಕು. ಆಮೇಲೆ ಗೋಡೆಯ ಬುಡದಲ್ಲಿ, ಐದು ವರ್ಷದ ಮಗು ಕೂತಲ್ಲಿಂದಲೇ ಕೈಚಾಚಿ ಬರೆಯುವಷ್ಟು ತಗ್ಗಿನಲ್ಲಿ, ಪ್ರತಿ ಮಗುವಿಗೂ ಒಂದೊಂದು ಹಲಗೆಯಷ್ಟು ಜಾಗಕ್ಕೆ ಕಪ್ಪು ಬಳಿದು, ಅದು ಒಣಗುವವರೆಗೆ ಕಿಟಕಿ ತೆರೆದಿಡಬೇಕು.